ಮಲಗಲು ಅನುಮತಿಯಿಲ್ಲದ ಕೋಣೆ

ಏಪ್ರಿಲ್ 6

ಪುಟ್ಟಿಗೆ,

ಇಲ್ಲಿ ಎಲ್ಲ ಸರಿಯಾಗಿದೆ ಎಂದು ಬರೆಯೋಣವೆಂದೇ ಪೆನ್ನು ಹಿಡಿದೆ. ಆದರೆ ಸರಿಯಾಗಿಲ್ಲ. ಮೊನ್ನೆ ನಗರಸಭೆಯಿಂದ ನೋಟೀಸು ಬಂದಿದೆ. ಪೋಸ್ಟ್‌ಮ್ಯಾನ್ ಸಹಿ ಹಾಕಿಸಿಕೊಂಡು ಕೊಟ್ಟ. ಸಹಿ ಹಾಕಿಸಿಕೊಂಡು ಕೊಡುವ ಕಾಗದದಲ್ಲಿ ಒಳ್ಳೆಯ ಸುದ್ದಿ ಇದ್ದದ್ದನ್ನು ನಾನಂತೂ ಕಂಡಿಲ್ಲ.

ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂವರಿಗಿಂತ ಹೆಚ್ಚು ಜನ ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆ ಬಳಸಿಕೊಂಡು ಬಾಡಿಗೆಗಿದ್ದರೆ, ಆ ಮನೆಯವರು ಇನ್ನು ಮುಂದೆ ಪರವಾನಗಿ ತೆಗೆದುಕೊಳ್ಳಲೇಬೇಕಂತೆ. ನಮ್ಮಲ್ಲಿ ನಾಲ್ಕು ಜನ ಹೆಂಗಸರಿದ್ದಾರೆ. ನರ್ಸ್, ಟೈಲರ್, ಟೀಚರ್, ಬೇಕರಿಯಲ್ಲಿ ಕೆಲಸ ಮಾಡುವವಳು. ಮೇ ಮೂವತ್ತೊಂದರೊಳಗೆ ಪರವಾನಗಿ ಕೈಗೆ ಬರದಿದ್ದರೆ ನಾಲ್ವರನ್ನೂ ಬಿಡಿಸಬೇಕು. ನಾನು ಬದುಕುವುದೇ ಈ ಮನೆಯ ಬಾಡಿಗೆಯಿಂದ. ನಿನ್ನ ಹಾಗೆ ವಿಮಾ ಕಚೇರಿಯ ಕುರ್ಚಿ ನನಗಿಲ್ಲ.

ಟೈಲರ್ ನೋಟೀಸನ್ನು ಮೂರು ಸಲ ಓದಿ ಹೇಳಿದಳು. ಆರನೇ ತರಗತಿಗೆ ಶಾಲೆ ಬಿಟ್ಟ ನನಗೆ ಸರ್ಕಾರಿ ಭಾಷೆ ತಿಳಿಯಲು ಮೂರು ಸಲ ಬೇಕಾಗುತ್ತದೆ. ಅಮ್ಮ ಹಾಸಿಗೆ ಹಿಡಿದಾಗ ನಿನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ತಿರುಗಿದ್ದು ಯಾರು ಎಂಬ ಮಾತನ್ನು ಈಗ ಎತ್ತುವುದಿಲ್ಲ. ನೋಡು, ಎತ್ತಿಯೇ ಬಿಟ್ಟೆ.

ಅಮ್ಮ ಮನೆಯನ್ನು ಇಬ್ಬರ ಹೆಸರಿಗೆ ಮಾಡಿ ಹೋಗಿರುವುದರಿಂದ ನಿನ್ನ ಒಪ್ಪಿಗೆಯ ಸಹಿ ಬೇಕು. ಫಾರಂ ಇದರ ಜೊತೆಗಿದೆ, ಪೆನ್ಸಿಲ್‌ನಲ್ಲಿ ಗುರುತು ಹಾಕಿದ ಕಡೆ ಸಹಿ ಮಾಡು. ಫೋನ್ ಮಾಡೋಣವೆಂದರೆ, ಅಮ್ಮ ಹೋದ ಮೇಲೆ ನಾವು ಫೋನಿನಲ್ಲಿ ಮಾತಾಡಿದ್ದು ಎರಡೇ ಸಲ, ಎರಡು ಸಲವೂ ಫೋನ್ ಇಟ್ಟಿದ್ದು ಸಿಟ್ಟಿನಲ್ಲಿ. ಕಾಗದದಲ್ಲಾದರೆ ಕಿರುಚಲು ಬರುವುದಿಲ್ಲ.

ನಿನ್ನ ನಾಲ್ಕನೇ ಮಹಡಿಯ ಮನೆ ಹೇಗಿದೆ? ಗಾಳಿ, ಬೆಳಕು ಚೆನ್ನಾಗಿದೆ ಎಂದು ಬರೆದಿದ್ದೆ. ಇಲ್ಲಿಯವರೆಲ್ಲ ನಿನ್ನನ್ನು ಕೇಳುತ್ತಾರೆ. “ಓನರಮ್ಮ, ಚಿಕ್ಕಕ್ಕ ಮತ್ತೆ ಯಾವಾಗ ಬರ್ತಾರೆ?” ಅಂತ. ಕಳೆದ ವರ್ಷ ಎಂಟು ದಿನ ಇದ್ದು ಅಡುಗೆಮನೆಯ ನಲ್ಲಿಗೊಂದು ವಾಷರ್ ಹಾಕಿ ಹೋದೆಯಲ್ಲ, ಅದನ್ನೇ ಇವತ್ತಿಗೂ ಹಾಡಿ ಹೊಗಳುತ್ತಾರೆ. ಒಂಬತ್ತು ವರ್ಷ ಅವರ ಬಚ್ಚಲು ತೊಳೆದವಳು ಓನರಮ್ಮ. ಒಂದು ವಾಷರ್ ಹಾಕಿದವಳು ಚಿಕ್ಕಕ್ಕ. ಇರಲಿ.

ಬೇಗ ಕಳಿಸು. ಅಂಚೆಯಲ್ಲಿ ಕಳೆದುಹೋದರೆ ಏನು ಗತಿ ಎಂದು ಈಗಲೇ ಎದೆ ಹೊಡೆದುಕೊಳ್ಳುತ್ತಿದೆ.

ಅಕ್ಕ


ಏಪ್ರಿಲ್ 19

ಅಕ್ಕಾ,

ನಿನ್ನ ಕಾಗದ ತಲುಪಿತು. ಹೆದರಬೇಡ. ಇದು ಅಷ್ಟೇನೂ ಕಷ್ಟದ ಕೆಲಸವಲ್ಲ. ತಪಾಸಣೆಗೆ ಬರುವವರು ಏನೇನು ನೋಡುತ್ತಾರೆಂದು ಹೇಳುತ್ತೇನೆ. ಮುಂಬಾಗಿಲು ಒಳಗಿನಿಂದ ಕೀಲಿ ಇಲ್ಲದೆ ತೆರೆಯಬೇಕು. ನಮ್ಮದಕ್ಕೆ ಒಳಗಿನಿಂದಲೂ ಕೀಲಿ ಬೇಕಲ್ಲ, ಆ ಬೀಗವನ್ನು ಮೊದಲು ಬದಲಾಯಿಸು. ಅಡುಗೆಮನೆಯಲ್ಲೂ ಮೆಟ್ಟಿಲ ಬಳಿಯೂ ಹೊಗೆ ಬಂದರೆ ಕೂಗುವ ಯಂತ್ರ ಇರಬೇಕು. ಒಂದು ಒಲೆಗೆ ಆರಕ್ಕಿಂತ ಹೆಚ್ಚು ಜನ ಇರಬಾರದು. ಓಡಾಡುವ ಜಾಗದಲ್ಲಿ ಸಾಮಾನು ಪೇರಿಸಬಾರದು, ಬಟ್ಟೆ ಗಂಟುಗಳನ್ನು ಸರಿಸಲು ಟೈಲರ್‌ಗೆ ಹೇಳು. ಪ್ರತಿ ಕೋಣೆಯ ಕಿಟಕಿಯನ್ನೂ ತೆರೆದು ನೋಡುತ್ತಾರೆ. ತೆರೆಯದ ಕಿಟಕಿ ಅವರ ಲೆಕ್ಕದಲ್ಲಿ ಕಿಟಕಿಯೇ ಅಲ್ಲ.

ಪರವಾನಗಿ ಇಬ್ಬರ ಹೆಸರಿನಲ್ಲೂ ಇದ್ದರೆ ಹೇಗೆ? ಯೋಚಿಸು, ಬಲವಂತವಿಲ್ಲ. ಇನ್ನೊಂದು ಮಾತು. ನನ್ನ ಚಿಕ್ಕ ಕೋಣೆಯನ್ನು ಯಾರಿಗೂ ಕೊಡಬೇಡ, ಅರ್ಜಿಯಲ್ಲಿ ಅದನ್ನು ಮನೆಯವರು ಮಲಗುವ ಕೋಣೆ ಎಂದೇ ಬರೆ.

ಹೆಸರಿನ ವಿಷಯಕ್ಕೆ ನಿನ್ನ ಉತ್ತರ ಬಂದ ಮೇಲೆ ಸಹಿ ಹಾಕಿ ಕಳಿಸುತ್ತೇನೆ. ಇಲ್ಲಿ ಕೆಲಸ ಜಾಸ್ತಿ. ಮನೆ ಚೆನ್ನಾಗಿದೆ.

ಪುಟ್ಟಿ


ಏಪ್ರಿಲ್ 27

ಪುಟ್ಟಿಗೆ,

ನಿನ್ನ ಕಾಗದವನ್ನು ನಾಲ್ಕು ದಿನ ಸೆರಗಿನಲ್ಲಿ ಕಟ್ಟಿಕೊಂಡು ತಿರುಗಿದೆ. ಒಂದು ಪ್ರಶ್ನೆ. ವಿಮಾ ಕಚೇರಿಯಲ್ಲಿ ಕುಳಿತವಳಿಗೆ ಒಂದು ಒಲೆಗೆ ಎಷ್ಟು ಜನ ಎಂಬುದು ಹೇಗೆ ಗೊತ್ತು? ಬೀಗ, ಕಿಟಕಿ, ಹೊಗೆ ಯಂತ್ರ ಎಲ್ಲ ಬಾಯಿಪಾಠ! ಯಾರನ್ನೋ ಕೇಳಿದ್ದೀಯ, ಕೂತು ಓದಿದ್ದೀಯ. ಯಾಕೆ ಓದಿದೆ ಎಂಬುದನ್ನು ತಿಳಿಯದಷ್ಟು ದಡ್ಡಿ ನಾನಲ್ಲ. ಇಬ್ಬರ ಹೆಸರು ಎನ್ನುತ್ತೀಯ. ಇವತ್ತು ಇಬ್ಬರು. ಓದಿದವಳ ಹೆಸರಿನ ಪಕ್ಕದಲ್ಲಿ ಓದದವಳ ಹೆಸರು ಎಷ್ಟು ದಿನ ನಿಂತೀತು?

ಇನ್ನೂ ಒಂದಿದೆ. ಶುಕ್ರವಾರ ನರ್ಸ್ ಹೆಸರಿಗೊಂದು ಕವರ್ ಬಂತು. ವಿಳಾಸ ನೋಡಿದ ಕೂಡಲೇ ಗೊತ್ತಾಯಿತು, ನಿನ್ನ ಅಕ್ಷರ. ನೀನು ಮೊದಲು ಬರೆಯಲು ಕಲಿತಾಗ ಸ್ಲೇಟು ಹಿಡಿದು ಕೂತವಳು ನಾನು, ನನಗೆ ಗೊತ್ತಾಗದೇ ಇರುತ್ತದೆಯೇ? ಕವರನ್ನು ಬೆಳಕಿಗೆ ಹಿಡಿದು ನೋಡಿದೆ, ಮುಚ್ಚಿಡುವುದಿಲ್ಲ. ಒಂದಕ್ಷರವೂ ಕಾಣಿಸಲಿಲ್ಲ.

ನರ್ಸ್ ಬಂದ ಮೇಲೆ ಕೇಳಿದೆ. “ಏನಂತೆ ನನ್ನ ತಂಗಿ?”

“ಏನಿಲ್ಲ ಓನರಮ್ಮ, ಸುಮ್ನೆ ಚೆನ್ನಾಗಿದ್ದೀರಾ ಅಂತ ಕೇಳಿದ್ದಾರೆ.”

“ಎರಡು ಹಾಳೆ ತುಂಬ ಅದನ್ನೇ ಕೇಳಿದ್ದಾಳಾ?”

“ಅಯ್ಯೋ, ಎರಡು ಹಾಳೆ ಅಂತ ನಿಮಗೆ ಹೇಗೆ ಗೊತ್ತು?”

ನಾಲಿಗೆ ಕಚ್ಚಿಕೊಂಡೆ. ಅವಳು ನಕ್ಕು ಒಳಗೆ ಹೋದಳು. ನನಗೆ ಒಂದೂವರೆ ಪುಟ, ಅದೂ ಬೀಗದ ವಿಷಯ. ಬಾಡಿಗೆಯವಳಿಗೆ ಎರಡು ಹಾಳೆ. ನನ್ನ ಬೆನ್ನ ಹಿಂದೆ ಏನು ನಡೆಸುತ್ತಿದ್ದೀರಿ ಇಬ್ಬರೂ?

ಹೆಸರು ನನ್ನದೊಂದೇ ಇರುತ್ತದೆ. ಸಹಿ ಕಳಿಸು.

ಅಕ್ಕ

ಬೀಗ ಬದಲಾಯಿಸಿದೆ. ಈಗ ಬಾಗಿಲು ಭದ್ರವಾಗಿದೆಯೋ ಇಲ್ಲವೋ ಎಂದು ಹತ್ತು ಸಲ ಎದ್ದು ನೋಡುತ್ತೇನೆ. ಅದೂ ನಿನ್ನಿಂದಲೇ.


ಮೇ 11

ಪುಟ್ಟಿಗೆ,

ಹದಿನಾಲ್ಕು ದಿನವಾಯಿತು. ಉತ್ತರವಿಲ್ಲ. ಪೋಸ್ಟ್‌ಮ್ಯಾನ್ ಈಗ ನನ್ನನ್ನು ಕಂಡರೆ ಸೈಕಲ್ಲನ್ನು ಆಚೆ ರಸ್ತೆಗೆ ತಿರುಗಿಸುತ್ತಾನೆ. ಇನ್ನು ಇಪ್ಪತ್ತು ದಿನ ಉಳಿದಿದೆ.

ಸಹಿಯನ್ನು ಹಿಡಿದಿಟ್ಟುಕೊಂಡರೆ ನಾನು ಬಗ್ಗುತ್ತೇನೆ ಎಂದುಕೊಂಡಿದ್ದೀಯ. ಚಿಕ್ಕವಳಿದ್ದಾಗಲೂ ಹೀಗೆಯೇ, ಬೇಕಾದದ್ದು ಸಿಗುವ ತನಕ ಉಸಿರು ಬಿಗಿಹಿಡಿದು ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದೆ. ಅಮ್ಮ ಓಡಿ ಬಂದು ಕೊಟ್ಟುಬಿಡುತ್ತಿದ್ದರು. ನನಗೂ ಉಸಿರು ಬಿಗಿಹಿಡಿಯಲು ಬರುತ್ತಿತ್ತು, ಓಡಿ ಬರುವವರು ಇರಲಿಲ್ಲ ಅಷ್ಟೆ.

ನಿನಗೆ ಅಲ್ಲಿ ಕೆಲಸ, ಮನೆ, ಗಾಳಿ, ಬೆಳಕು ಎಲ್ಲ ಇದೆ. ನನಗಿರುವುದು ಇದೊಂದು. ಇದಕ್ಕೂ ಕಣ್ಣು ಹಾಕಬೇಕೇ?

ಅಕ್ಕ


ಮೇ 15

ಅಕ್ಕಾ,

ಎರಡೂ ಕಾಗದ ಒಟ್ಟಿಗೆ ಕೈ ಸೇರಿದವು, ಕೆಳಗಿನ ಅಂಗಡಿಯವರು ಇಟ್ಟುಕೊಂಡಿದ್ದರು. ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಸಹಿ ಹಾಕಿದ್ದೇನೆ. ಹೆಸರು ನಿನ್ನದೊಂದೇ ಇರಲಿ. ಚಿಕ್ಕ ಕೋಣೆಯ ವಿಷಯ ಮಾತ್ರ ಮರೆಯಬೇಡ.

ಇನ್ನು ಮುಂದೆ ಕವರಿನ ಹಿಂದೆ ಬರೆದಿರುವ ವಿಳಾಸಕ್ಕೆ ಬರೆ. ಗೆಳತಿಯೊಬ್ಬಳ ಮನೆ.

ಪುಟ್ಟಿ


ಮೇ 23

ಪುಟ್ಟಿಗೆ,

ಪರವಾನಗಿ ಬಂತು! ಗಾಜು ಹಾಕಿಸಿ ಬಾಗಿಲ ಪಕ್ಕದಲ್ಲಿ ತೂಗುಹಾಕಿದ್ದೇನೆ. ನನ್ನ ಹೆಸರು ಅಚ್ಚಿನಲ್ಲಿ ಬಂದದ್ದು ಇದೇ ಮೊದಲು. ಹೋಗುವಾಗ ಬರುವಾಗ ಓದುತ್ತೇನೆ.

ತಪಾಸಣೆಗೆ ಬಂದವರು ಒಬ್ಬ ಮೇಡಂ, ಕೈಯಲ್ಲಿ ಅಳತೆ ಟೇಪು. ಅವರು ಮೂಲೆ ಮೂಲೆ ಅಳೆದರು, ಎಲ್ಲ ಕಿಟಕಿ ತೆರೆದರು, ಹೊಗೆ ಯಂತ್ರದ ಗುಂಡಿ ಒತ್ತಿದರು. ಅದು ಕೂಗಿದ ರಭಸಕ್ಕೆ ಟೀಚರ್ ಸ್ನಾನದ ಮಧ್ಯೆ ಟವೆಲ್ ಸುತ್ತಿಕೊಂಡು ಓಡಿ ಬಂದಳು. ಮೇಡಂ “ಇಷ್ಟು ಬೇಗ ಓಡಿ ಬರೋರನ್ನ ನಾನು ನೋಡೇ ಇಲ್ಲ, ಪಾಸ್!” ಎಂದರು.

ಹೊರಡುವಾಗ ನರ್ಸ್‌ಗೆ ಸುಮ್ಮನಿರಲು ಆಗಲಿಲ್ಲ. “ಈ ಬೀಗದ ವಿಷಯ ಎಲ್ಲ ಹೇಳಿಕೊಟ್ಟಿದ್ದು ಚಿಕ್ಕಕ್ಕ ಮೇಡಂ” ಎಂದಳು. ಬೀಗ ತಂದವಳು ನಾನು, ಬಡಗಿಯ ಹಿಂದೆ ಮೂರು ದಿನ ಅಲೆದವಳು ನಾನು. ಆ ಕ್ಷಣಕ್ಕೆ ಮೈಯೆಲ್ಲ ಉರಿದುಹೋಯಿತು.

ನಿನ್ನ ಚಿಕ್ಕ ಕೋಣೆಯ ಬಗ್ಗೆ ಹೇಳಿಬಿಡುತ್ತೇನೆ, ಆಮೇಲೆ ಯಾರೋ ಬರೆದು ತಿಳಿಸುವುದು ಬೇಡ. ಅರ್ಜಿಯಲ್ಲಿ ಅದನ್ನು ಸಾಮಾನಿನ ಕೋಣೆ ಎಂದು ಬರೆದೆ. ಅವರು ಬರುವ ಹಿಂದಿನ ದಿನ ನಿನ್ನ ಮಂಚ ಬಿಚ್ಚಿಸಿ ಅಟ್ಟಕ್ಕೆ ಹಾಕಿಸಿದೆ, ಹಳೆ ಬಕೆಟ್, ಮುರಿದ ಕುರ್ಚಿ ಎಲ್ಲ ಅದರೊಳಗೆ ತುಂಬಿದೆ. ಮೇಡಂ ಬಾಗಿಲಿಗೆ ಒಂದು ತಗಡಿನ ಫಲಕ ಹೊಡೆಸಿದರು. “ಈ ಕೋಣೆಯಲ್ಲಿ ಯಾರೂ ಮಲಗುವಂತಿಲ್ಲ” ಎಂದು. ಕುಟುಂಬದ ಸದಸ್ಯರು ಎಷ್ಟು ಎಂಬ ಕಡೆ ‘ನಾನೊಬ್ಬಳೇ’ ಎಂದು ಬರೆದಿದ್ದೇನೆ. ತಪ್ಪೇನು? ವರ್ಷಕ್ಕೊಮ್ಮೆ ಬಂದು ಹೊಗಳಿಸಿಕೊಂಡು ಹೋಗುವವಳಿಗೆ ಒಂದು ಕೋಣೆ ಯಾಕೆ? ಬಂದರೆ ಹೋಟೆಲಿನಲ್ಲಿ ಇರಬಹುದು, ನಿನ್ನ ಸಂಬಳಕ್ಕೆ ಅದೇನು ದೊಡ್ಡದಲ್ಲ.

ಗೆಳತಿಯ ಮನೆಯ ವಿಳಾಸ ನೋಡಿದೆ. ಇನ್ನೂ ದೊಡ್ಡ ಮನೆಗೆ ಹೋದೆಯೋ?

ಅಕ್ಕ


ಮೇ 30

ಅಕ್ಕಾ,

ಪರವಾನಗಿ ಬಂದದ್ದು ತುಂಬ ಸಂತೋಷ. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ.

ಒಂದು ಒಲೆಗೆ ಎಷ್ಟು ಜನ ಎಂಬುದು ನನಗೆ ಹೇಗೆ ಗೊತ್ತು ಎಂದು ಕೇಳಿದ್ದೆ. ನಮ್ಮ ಒಲೆಗೆ ಒಂಬತ್ತು ಜನ ಇದ್ದೆವು. ಅದರಿಂದ ಗೊತ್ತು.

ನಾಲ್ಕನೇ ಮಹಡಿ ನಿಜ. ಗಾಳಿ, ಬೆಳಕು ಸುಳ್ಳು. ಎರಡು ಕೋಣೆಯ ಮನೆಯನ್ನು ಮಾಲೀಕ ಪ್ಲೈವುಡ್ ಹೊಡೆದು ಒಂಬತ್ತು ತುಂಡು ಮಾಡಿದ್ದ. ಒಂದು ಹಲಗೆ ಸರಿಯಾಗಿ ಕಿಟಕಿಯ ನಡುವೆ ಬಂದಿತ್ತು. ಒಂದು ರೆಕ್ಕೆ ನನಗೆ, ಇನ್ನೊಂದು ಪಕ್ಕದವಳಿಗೆ, ಚಿಲಕ ಅವಳ ಕಡೆ. ಅವಳು ಡ್ಯೂಟಿಗೆ ಹೋದರೆ ನನ್ನ ಕಿಟಕಿ ತೆರೆಯುತ್ತಿರಲಿಲ್ಲ. ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಯಾರೋ ಇಸ್ತ್ರಿಪೆಟ್ಟಿಗೆ ಆರಿಸದೆ ಬಿಟ್ಟು ಹಾಸಿಗೆ ಹೊತ್ತಿಕೊಂಡಿತು. ಬಾಗಿಲಿಗೆ ಒಳಗಿನಿಂದಲೂ ಕೀಲಿ ಬೇಕಿತ್ತು, ಕೀಲಿ ಯಾರ ಹತ್ತಿರ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬಕೆಟ್ ನೀರು ಸುರಿದು ಆರಿಸಿದೆವು. ಆದರೆ ಆ ಬಾಗಿಲನ್ನು ಬಡಿದ ಸದ್ದು ನನ್ನ ಕಿವಿಯಿಂದ ಹೋಗಿಲ್ಲ. ನಿನ್ನ ನೋಟೀಸಿನ ಸುದ್ದಿ ಓದಿದಾಗ ಮೊದಲು ನೆನಪಾದದ್ದು ನಮ್ಮ ಮನೆಯ ಬೀಗ.

ಮಾರ್ಚಿನಲ್ಲಿ ಇಲ್ಲಿನ ನಗರಸಭೆಯ ಕಚೇರಿಗೆ ದೂರು ಬರೆದೆ. ಬರೆಯಲು ಬರುತ್ತಿದ್ದದ್ದು ನನಗೆ ತಾನೆ? ಮೇ ಮೊದಲ ವಾರ ಅವರು ಬಂದು ಪರವಾನಗಿ ಇಲ್ಲವೆಂದು ಮನೆ ಮುಚ್ಚಿಸಿದರು. ಒಂಬತ್ತು ಜನ ಗಂಟುಮೂಟೆ ಹಿಡಿದು ರಸ್ತೆಯಲ್ಲಿ ನಿಂತೆವು. “ನೆಟ್ಟಗೆ ಬಾಯಿ ಮುಚ್ಕೊಂಡು ಇದ್ದಿದ್ರೆ ತಲೆ ಮೇಲೆ ಸೂರಾದ್ರೂ ಇರ್ತಿತ್ತು” ಎಂದಳು ಚಿಲಕದವಳು. ಅವಳಿಗೆ ಏನು ಹೇಳಲಿ? ಈಗ ಗೆಳತಿಯ ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡಿದ್ದೇನೆ. ಅವಳ ಗಂಡ ನೀರು ಕುಡಿಯಲು ಬಂದಾಗಲೆಲ್ಲ ಎದ್ದು ಕೂರುತ್ತೇನೆ.

ವಿಮಾ ಕಚೇರಿಯವರು ನಮ್ಮ ವಿಭಾಗವನ್ನು ಜನವರಿಯಲ್ಲೇ ಮುಚ್ಚಿದರು. ನರ್ಸ್‌ಗೆ ಬರೆದದ್ದು ಅದಕ್ಕೇ, ಅವರ ಆಸ್ಪತ್ರೆಯ ಕಚೇರಿಯಲ್ಲಿ ಏನಾದರೂ ಕೆಲಸ ಇದೆಯೇ ಎಂದು. ನಿನಗೆ ಹೇಳಬೇಡವೆಂದು ಕೇಳಿಕೊಂಡಿದ್ದೆ. ಅವಳ ಮೇಲೆ ಸಿಟ್ಟಾಗಬೇಡ.

ನಿನ್ನನ್ನೇ ಕೇಳಬಹುದಿತ್ತು. ಆದರೆ ನಿನ್ನ ಪ್ರತಿ ಕಾಗದದಲ್ಲೂ ನಾನು ಗೆದ್ದವಳು. ಸೋತು ಬಂದಿದ್ದೇನೆಂದು ಹೇಗೆ ಬರೆಯಲಿ? ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚಲ್ಲವೇ? ನನಗೆ ಯಾರ ಮೇಲೆ ಗೊತ್ತಾ? ಆ ಬೇಕರಿಯವಳ ಮೇಲೆ. ನನ್ನ ಅಮ್ಮನ ಮನೆಯಲ್ಲಿ ಕಾಲು ಚಾಚಿ ಮಲಗಿ, ಬೆಳಿಗ್ಗೆ ನಿನ್ನ ಗೊಣಗಾಟ ಕೇಳಿಕೊಂಡು ಏಳುತ್ತಾಳಲ್ಲ, ಅದಕ್ಕೆ.

ಕೋಣೆ ಹೋದರೆ ಹೋಗಲಿ. ಸರಿಯಾಗಿಯೇ ಮಾಡಿದ್ದೀಯ.

ಪುಟ್ಟಿ


ಜೂನ್ 3

ಪುಟ್ಟಿ,

ನಿನ್ನ ಕಾಗದವನ್ನು ಟೈಲರ್‌ಗೂ ತೋರಿಸಲಿಲ್ಲ. ನಾನೇ ಓದಿದೆ. ಒಂದೊಂದೇ ಅಕ್ಷರ.

ನಾಳೆ ಬೆಳಿಗ್ಗೆ ಕಚೇರಿಗೆ ಹೋಗಿ ಸುಳ್ಳು ಬರೆದಿದ್ದೇನೆಂದು ಹೇಳುತ್ತೇನೆ. ಅವರು ಏನಾದರೂ ಮಾಡಲಿ. ಹೆದರಿಕೆ ಇದೆ. ಇವತ್ತೇ ಬರೆದು ಅಂಚೆಗೆ ಹಾಕುತ್ತಿದ್ದೇನೆ, ನಾಳೆ ಬೆಳಗಾದರೆ ನನಗೆ ನನ್ನ ಮೇಲೆ ನಂಬಿಕೆಯಿಲ್ಲ.

ಅಕ್ಕ


ಜೂನ್ 8

ಅಕ್ಕಾ,

ದಯವಿಟ್ಟು ಹೋಗಬೇಡ. ಅರ್ಜಿಯಲ್ಲಿ ಸುಳ್ಳಿದೆ ಎಂದು ನೀನಾಗಿಯೇ ಒಪ್ಪಿಕೊಂಡರೆ ಪರವಾನಗಿ ರದ್ದು ಮಾಡಬಹುದು. ನಿಯಮದಲ್ಲೇ ಹಾಗಿದೆ, ನಾನು ಓದಿದ್ದೇನೆ. ನಾಲ್ವರೂ ಹೋಗಬೇಕಾಗುತ್ತದೆ, ಆಮೇಲೆ ನೀನೇನು ಮಾಡುತ್ತೀಯ? ನನ್ನಿಂದ ಒಂದು ಮನೆ ಮುಚ್ಚಿದ್ದು ಸಾಕು. ನಾನು ಎಲ್ಲಾದರೂ ಹೊಂದಿಕೊಳ್ಳುತ್ತೇನೆ.

ಪುಟ್ಟಿ


ಜೂನ್ 21

ಪುಟ್ಟಿಗೆ,

ನಿನ್ನ ಕಾಗದ ಹನ್ನೆರಡನೇ ತಾರೀಖಿಗೆ ಬಂತು. ನಾನು ಕಚೇರಿಗೆ ಹೋದದ್ದು ಅದಕ್ಕೆ ಮೊದಲೇ, ನಾಲ್ಕನೇ ತಾರೀಖಿಗೆ. ಏನಾಗುತ್ತದೋ ತಿಳಿಯದೆ ಇಷ್ಟು ದಿನ ನಿನಗೆ ಬರೆಯಲಿಲ್ಲ. ನಿನ್ನನ್ನು ಕಾಯಿಸಬೇಕೆಂದಲ್ಲ.

ಅಳತೆಯ ಮೇಡಂ ನನ್ನನ್ನು ಕಂಡು, “ಏನಮ್ಮ, ಪರವಾನಗಿ ಸಿಕ್ಕಿದ ಮೇಲೆ ಯಾರೂ ಈ ಕಡೆ ತಿರುಗಿ ನೋಡಲ್ಲ, ನೀವು ಬಂದಿದ್ದೀರಲ್ಲ?” ಎಂದರು.

“ಸುಳ್ಳು ಬರೆದಿದ್ದೀನಿ ಮೇಡಂ. ಅದು ಸಾಮಾನಿನ ಕೋಣೆ ಅಲ್ಲ. ನನ್ನ ತಂಗಿ ಕೋಣೆ. ಮನೇಲಿ ನಾನೊಬ್ಬಳೇ ಅಂದಿದ್ದೂ ಸುಳ್ಳು.”

“ಮತ್ತೆ ಯಾಕೆ ಹಾಗೆ ಬರೆದ್ರಿ?”

“ಹೊಟ್ಟೆಕಿಚ್ಚಿಗೆ.”

ಪಕ್ಕದ ಮೇಜಿನ ಗುಮಾಸ್ತ ಟೀ ಲೋಟ ಹಿಡಿದವನು ಹಾಗೇ ನಿಂತ. ಮೇಡಂ ಫಾರಂ ತಿರುಗಿಸಿ ಮುರುಗಿಸಿ ನೋಡಿ, “ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ಕಣಮ್ಮ” ಎಂದರು.

ಆಮೇಲೆ ಅವರು ಇನ್ನೊಂದು ವಿಷಯ ಹೇಳಿದರು. ನಾನು ನಿಜ ಬರೆದಿದ್ದರೂ ಆ ಕೋಣೆಯಲ್ಲಿ ಯಾರೂ ಮಲಗುವಂತಿರಲಿಲ್ಲವಂತೆ. ಒಬ್ಬರು ಮಲಗಲು ಎಪ್ಪತ್ತು ಚದರ ಅಡಿ ಬೇಕು, ಅದಿರುವುದು ಅರವತ್ತು. ಅಂದರೆ ನಾನು ಅಷ್ಟೆಲ್ಲ ಪಾಪ ಕಟ್ಟಿಕೊಂಡದ್ದೂ ದಂಡ!

“ಈಗ ಏನು ಮಾಡ್ಲಿ ಮೇಡಂ? ಅವಳು ಬೇರೆಯವರ ಅಡುಗೆಮನೇಲಿ ಮಲಗ್ತಿದ್ದಾಳೆ” ಎಂದೆ. ಅಳುವೂ ಬಂತು. ಅವರು ನಕ್ಷೆ ತೆಗೆದು ಬೆರಳಿಟ್ಟರು. ನನ್ನ ಕೋಣೆಗೂ ನಿನ್ನ ಕೋಣೆಗೂ ನಡುವಿನ ಗೋಡೆ ಬರೀ ಅಡ್ಡಗೋಡೆ, ಮಾಳಿಗೆಯ ಭಾರ ಅದರ ಮೇಲಿಲ್ಲ. ಅದನ್ನು ತೆಗೆದರೆ ಇಬ್ಬರು ಮಲಗುವಷ್ಟು ದೊಡ್ಡ ಒಂದೇ ಕೋಣೆ. “ಗೋಡೆ ತೆಗೆಸಿ, ಹೊಸದಾಗಿ ಅರ್ಜಿ ಕೊಡಿ. ಅಲ್ಲೀವರೆಗೂ ಹಳೇ ಪರವಾನಗಿ ನಡೀಲಿ ಅಂತ ಸಾಹೇಬರಿಗೆ ನಾನೇ ಹೇಳ್ತೀನಿ. ಇನ್ನೊಂದು ಸುಳ್ಳು ಸಿಕ್ತು ಅಂದ್ರೆ ಮಾತ್ರ ಬಿಡಲ್ಲ” ಎಂದರು.

ಆ ಗೋಡೆ ನಿನಗೆ ನೆನಪಿದೆಯೋ ಇಲ್ಲವೋ. ನೀನು ಹೈಸ್ಕೂಲಿಗೆ ಸೇರಿದ ವರ್ಷ, ಓದಲು ಗಲಾಟೆಯಾಗುತ್ತದೆ ಎಂದು ಅಮ್ಮ ಕಟ್ಟಿಸಿದ್ದು. ಅದಕ್ಕೆ ಮೊದಲು ನಾವಿಬ್ಬರೂ ಅಲ್ಲಿ ಒಂದೇ ಹಾಸಿಗೆಯಲ್ಲಿ ಮಲಗುತ್ತಿದ್ದೆವು. ಗಾರೆಯವನು ಬಂದಾಗ ಗಲಾಟೆ ಮಾಡುವವಳು ನಾನೇ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನೇ ಅವನಿಗೆ ಇಟ್ಟಿಗೆ ಎತ್ತಿಕೊಟ್ಟೆ. ಈ ಸಲವೂ ಇಟ್ಟಿಗೆ ಹೊತ್ತು ಹಾಕಿದವಳು ನಾನೇ. ಸೊಂಟ ಹಿಡಿದುಕೊಂಡಿದೆ.

ನಿನ್ನೆ ಹೊಸ ಪರವಾನಗಿ ಬಂತು. ಇಬ್ಬರ ಹೆಸರೂ ಇದೆ, ನಾನೇ ಬರೆಸಿದೆ, ಒಪ್ಪಿಗೆಗೆ ನಿನ್ನ ಹಳೇ ಸಹಿಯೇ ಸಾಕೆಂದರು. ಕಚೇರಿಯವರು ಅಕ್ಷರದ ಕ್ರಮದಲ್ಲಿ ಬರೆಯುತ್ತಾರಂತೆ, ಹಾಗಾಗಿ ನಿನ್ನ ಹೆಸರು ಮೇಲೆ, ನನ್ನದು ಕೆಳಗೆ. ದೊಡ್ಡವಳು ನಾನು, ಮೇಲೆ ಕೆಳಗೆ ಮಾಡಿಕೊಡಿ ಎಂದು ಎರಡು ಸಲ ಕೇಳಿ ನೋಡಿದೆ. ಆಗುವುದಿಲ್ಲವಂತೆ. ರಾತ್ರಿ ಊಟ ಸೇರಲಿಲ್ಲ.

ನರ್ಸ್ ಆಸ್ಪತ್ರೆಯಲ್ಲಿ ಕೇಳಿದ್ದಾಳೆ, ಮುಂದಿನ ತಿಂಗಳು ರಿಜಿಸ್ಟರ್ ಬರೆಯುವ ಕೆಲಸವೊಂದು ಖಾಲಿಯಾಗಬಹುದಂತೆ, ಖಂಡಿತವಿಲ್ಲ. ನೀನು ಬರುತ್ತೀಯೆಂದು ಮನೆಯೆಲ್ಲ ಓಡಾಟ. ಟೈಲರ್ ನಿನ್ನ ಮಂಚದ ಅಳತೆಗೆ ಹೊದಿಕೆ ಹೊಲಿಯುತ್ತಿದ್ದಾಳೆ, ಒಂಬತ್ತು ವರ್ಷದಲ್ಲಿ ನನಗೊಂದು ದಿಂಬಿನ ಚೀಲ ಹೊಲಿದವಳಲ್ಲ. ಬೇಕರಿಯವಳು ನೀನು ಬರುವ ದಿನ ರಜೆ ಹಾಕುತ್ತಾಳಂತೆ. ಟೀಚರ್ ಸ್ಟೇಷನ್ನಿಗೆ ಬರುತ್ತೇನೆ ಎನ್ನುತ್ತಾಳೆ. ನೋಡುತ್ತ ನೋಡುತ್ತ ನನಗೆ ಹೊಟ್ಟೆಯೊಳಗೆ ಕೆಂಡ ಸುರಿದಂತಾಗುತ್ತದೆ. ನೀನು ಬಂದ ಮೇಲೆ ಇದು ಕಡಿಮೆಯಾಗುತ್ತದೆಂದು ನಾನೇನೂ ಮಾತು ಕೊಡುವುದಿಲ್ಲ, ಇನ್ನೂ ಜಾಸ್ತಿಯೇ ಆಗಬಹುದು. ಆದರೆ ಸ್ಟೇಷನ್ನಿಗೆ ಯಾರೂ ಬರಕೂಡದೆಂದು ಎಲ್ಲರಿಗೂ ಹೇಳಿಬಿಟ್ಟಿದ್ದೇನೆ.

ಯಾವ ರೈಲು ಎಂಬುದನ್ನು ನನಗೊಬ್ಬಳಿಗೇ ಬರೆ.

ಅಕ್ಕ